ಫೋನಿನ ಹಾಟ್‌ಸ್ಪಾಟ್ ಮನೆಯ ಇಂಟರ್ನೆಟ್ ಆಗಬಲ್ಲದೇ? ಮಲೆನಾಡಿನ ಒಂಟಿ ಮನೆಯಿಂದ ಒಂದು ವಿಮರ್ಶೆ

ಹೊಸ ಫೋನ್ ಬಂದಾಗ ಅದರ ಕ್ಯಾಮೆರಾ, ಬ್ಯಾಟರಿ, ಪರದೆಗಳ ಬಗ್ಗೆ ಪುಟಗಟ್ಟಲೆ ವಿಮರ್ಶೆ ಬರುತ್ತದೆ. ಫೋನಿನ ಇಂಟರ್ನೆಟ್ಟನ್ನು ವೈಫೈ ಮೂಲಕ ಬೇರೆ ಸಾಧನಗಳಿಗೆ ಹಂಚುವ ಹಾಟ್‌ಸ್ಪಾಟ್ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅದನ್ನು ಯಾರೂ ಪ್ರತ್ಯೇಕವಾಗಿ ದುಡ್ಡು ಕೊಟ್ಟು ಕೊಳ್ಳುವುದಿಲ್ಲ, ಫೋನಿನ ಜೊತೆಗೇ ಬರುತ್ತದೆ, ಪೇಟೆಯವರು ಪ್ರಯಾಣದಲ್ಲಿ ಹತ್ತು ನಿಮಿಷ ಬಳಸಿ ಆಫ್ ಮಾಡುತ್ತಾರೆ ಎಂಬುದು ಇದಕ್ಕೆ ಕಾರಣವಿರಬಹುದು. ಆದರೆ ತೀರ್ಥಹಳ್ಳಿ, ಕೊಪ್ಪ, ಹೊಸನಗರ, ಸಿದ್ದಾಪುರಗಳ ಕಡೆ ಮುಖ್ಯರಸ್ತೆಯಿಂದ ಒಳಗೆ, ತೋಟದ ಅಂಚಿನಲ್ಲಿ ಒಂದೊಂದೇ ನಿಂತಿರುವ ಮನೆಗಳಲ್ಲಿ ಹಾಟ್‌ಸ್ಪಾಟ್ ಎಂದರೆ ಹತ್ತು ನಿಮಿಷದ ಅನುಕೂಲವಲ್ಲ. ಒಂದೇ ಮನೆಗಾಗಿ ಫರ್ಲಾಂಗುಗಟ್ಟಲೆ ಫೈಬರ್ ಎಳೆಯಲು ಯಾವ ಕಂಪನಿಯೂ ಮುಂದೆ ಬರುವುದಿಲ್ಲವಾದ್ದರಿಂದ ಮನೆಯ ಇಂಟರ್ನೆಟ್ ಎಂದರೆ ಅದೊಂದೇ. ನಮ್ಮದೂ ಅಂಥದೇ ಮನೆ. ನನ್ನ ಲೆಕ್ಕಪತ್ರದ ಕೆಲಸ, ರಜೆಯಲ್ಲಿ ಮನೆಗೆ ಬಂದ ಮಗಳ ಆನ್‌ಲೈನ್ ತರಗತಿ, ಅಮ್ಮ ರಾತ್ರಿ ನೋಡುವ ಯಕ್ಷಗಾನದ ವಿಡಿಯೋ ಎಲ್ಲವೂ ಫೋನಿನಿಂದ ಹಂಚಿದ ಸಂಪರ್ಕದಲ್ಲೇ ನಡೆಯುತ್ತವೆ. ಹಾಗಾಗಿ ಒಂದು ಬ್ರಾಡ್‌ಬ್ಯಾಂಡ್ ಸೇವೆಯನ್ನು ಹೇಗೆ ತೂಗಿ ನೋಡುತ್ತೇವೆಯೋ ಹಾಗೆಯೇ ಈ ಸೌಲಭ್ಯವನ್ನೂ ತೂಗಿ ನೋಡಬೇಕೆನ್ನಿಸಿತು.

ಫೋನಿನ ಸಂಪರ್ಕವನ್ನು ವೈಫೈ ಮಾಡಿ ಹಂಚುವ ಉಪಾಯ ಹಳೆಯದೇ. 2008ರ ಸುಮಾರಿಗೆ ನೋಕಿಯಾ ಎನ್95ರಂಥ ಸಿಂಬಿಯನ್ ಫೋನುಗಳಿಗೆ ಜೋಯ್ಕುಸ್ಪಾಟ್ ಎಂಬ ಫಿನ್ಲೆಂಡಿನ ತಂತ್ರಾಂಶವೊಂದಿತ್ತು. ಅದರ ಪುಕ್ಕಟೆ ಆವೃತ್ತಿಯಲ್ಲಿ ಬ್ರೌಸರಿನ ಪುಟಗಳಷ್ಟೇ ತೆರೆಯುತ್ತಿದ್ದವು. ಉಳಿದ ಕೆಲಸಗಳಿಗೂ ಪಾಸ್‌ವರ್ಡ್ ರಕ್ಷಣೆಗೂ ಹಣ ಕೊಟ್ಟು ಮೇಲಿನ ಆವೃತ್ತಿಯನ್ನು ಕೊಳ್ಳಬೇಕಿತ್ತು. 2010ರಲ್ಲಿ ಬಂದ ಆಂಡ್ರಾಯ್ಡ್ 2.2 ಈ ಸೌಲಭ್ಯವನ್ನು ಫೋನಿನೊಳಗೇ ಸೇರಿಸಿ ಎಂಟು ಸಾಧನಗಳವರೆಗೆ ಹಂಚಲು ಅವಕಾಶ ಕೊಟ್ಟಿತು. ಮರುವರ್ಷದ ಮಾರ್ಚಿನಲ್ಲಿ ಐಒಎಸ್ 4.3ರ ಮೂಲಕ ಐಫೋನಿಗೂ ಅದು ಬಂತು. ಅಮೆರಿಕದಲ್ಲಿ ದೂರಸಂಪರ್ಕ ಕಂಪನಿಗಳು ಹಂಚಿಕೆಗೆಂದೇ ಬೇರೆ ಶುಲ್ಕ ಹಾಕುತ್ತಿದ್ದವು. ಹಂಚಿಕೆಯ ಆ್ಯಪ್‌ಗಳನ್ನು ತಡೆದ ಆರೋಪದ ಮೇಲಿನ ತನಿಖೆಯನ್ನು ಮುಗಿಸಿಕೊಳ್ಳಲು ವೆರೈಝನ್ ಕಂಪನಿ 2012ರಲ್ಲಿ ಅಲ್ಲಿನ ಸಂವಹನ ಆಯೋಗಕ್ಕೆ 12.5 ಲಕ್ಷ ಡಾಲರ್ ಕಟ್ಟಬೇಕಾಯಿತು. ನಮ್ಮಲ್ಲಿ ಆ ರಗಳೆ ಇಲ್ಲ. ಸಾಮಾನ್ಯ ಪ್ರಿಪೇಯ್ಡ್ ಪ್ಲಾನಿನಲ್ಲಿ ಕೊಂಡ ಡೇಟಾವನ್ನು ಫೋನಿನಲ್ಲೇ ಬಳಸಿದರೂ ಲ್ಯಾಪ್‌ಟಾಪಿಗೆ ಹಂಚಿದರೂ ಲೆಕ್ಕ ಒಂದೇ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ದರ ಕುಸಿದ ಮೇಲೆ ಹಾಟ್‌ಸ್ಪಾಟ್ ಹಳ್ಳಿಮನೆಗಳ ಕೈಗೂ ಎಟುಕಿತು.

ಈ ಸೌಲಭ್ಯದ ದೊಡ್ಡ ಗುಣ ಯಾವುದೆಂದು ಕೇಳಿದರೆ ಹೆಚ್ಚಿನವರು ಒಂದು ಸಿಮ್‌ನಿಂದ ನಾಲ್ಕು ಸಾಧನ ನಡೆಸಬಹುದು ಎನ್ನುತ್ತಾರೆ. ಮಲೆನಾಡಿನಲ್ಲಿ ಅದಕ್ಕಿಂತ ಮುಖ್ಯವಾದ ಇನ್ನೊಂದು ಗುಣವಿದೆ. ಸಿಗ್ನಲ್ ಸಿಗುವ ಜಾಗ ಒಂದು, ಕುಳಿತು ಕೆಲಸ ಮಾಡುವ ಜಾಗ ಇನ್ನೊಂದು ಆಗಿರುವ ಮನೆಗಳಲ್ಲಿ ಇವೆರಡನ್ನೂ ಜೋಡಿಸುವ ಅಗ್ಗದ ಸಾಧನ ಹಾಟ್‌ಸ್ಪಾಟ್. 2020–21ರ ಲಾಕ್‌ಡೌನ್ ಕಾಲದಲ್ಲಿ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದ್ದನ್ನೂ, ಸುಳ್ಯ ತಾಲ್ಲೂಕಿನಲ್ಲಿ ಮಳೆಯ ನಡುವೆ ರಸ್ತೆ ಬದಿಯಲ್ಲಿ ಕುಳಿತ ವಿದ್ಯಾರ್ಥಿನಿಗೆ ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನೂ ಎಲ್ಲರೂ ನೋಡಿದ್ದೇವೆ. ಗುಡ್ಡದ ತುದಿಯಲ್ಲಷ್ಟೇ ಸಿಗ್ನಲ್ ಇರುವಲ್ಲಿ ಹಾಟ್‌ಸ್ಪಾಟ್‌ನಿಂದಲೂ ಏನೂ ಆಗದು. ಆದರೆ ಅಂಗಳದ ಮೂಲೆಯಲ್ಲೋ ಉಪ್ಪರಿಗೆಯ ಕಿಟಕಿಯಲ್ಲೋ ಸಿಗ್ನಲ್ ಇದ್ದು ಒಳಮನೆಯಲ್ಲಿ ಇಲ್ಲದ ಮನೆಗಳು ಅದಕ್ಕಿಂತ ಎಷ್ಟೋ ಹೆಚ್ಚು. ಅಂಥಲ್ಲಿ ಫೋನನ್ನು ಸಿಗ್ನಲ್ ಇರುವಲ್ಲಿ ಬಿಟ್ಟು ಮನುಷ್ಯ ಒಳಗೆ ಕುಳಿತುಕೊಳ್ಳಬಹುದು.

ಆ ಜಾಗವನ್ನು ಹುಡುಕಲು ಫೋನಿನ ತಲೆಯ ಮೇಲೆ ಕಾಣುವ ಕಡ್ಡಿಗಳನ್ನು ನಂಬಬಾರದು. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದನ್ನು ಒಂದೊಂದು ಫೋನು ಒಂದೊಂದು ರೀತಿ ತೋರಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಅಬೌಟ್ ಫೋನ್, ಅದರಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಬಲವು ಡಿಬಿಎಂ ಎಂಬ ಅಳತೆಯಲ್ಲಿ, ಋಣ ಸಂಖ್ಯೆಯಾಗಿ ಕಾಣುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ನಿಶ್ಚಿಂತೆ, ಮೈನಸ್ 105ರವರೆಗೆ ಕೆಲಸ ನಡೆಯುತ್ತದೆ, ಮೈನಸ್ 115 ದಾಟಿದರೆ ವಿಡಿಯೋ ಕರೆಯ ಆಸೆ ಬಿಡಬೇಕು. ನಮ್ಮ ನಡುಮನೆಯಲ್ಲಿ ಮೈನಸ್ 118 ತೋರಿಸುವ ಫೋನು ಉಪ್ಪರಿಗೆಯ ಪೂರ್ವದ ಕಿಟಕಿಯಲ್ಲಿ ಮೈನಸ್ 98 ತೋರಿಸುತ್ತದೆ. ನೋಡಲು ಸಣ್ಣ ಅಂತರ; ಆದರೆ ಈ ಅಳತೆಯಲ್ಲಿ ಪ್ರತಿ ಹತ್ತಕ್ಕೆ ಹತ್ತು ಪಟ್ಟಿನಂತೆ ಏರುವುದರಿಂದ ಇಪ್ಪತ್ತರ ಅಂತರವೆಂದರೆ ನೂರು ಪಟ್ಟು ಹೆಚ್ಚಿನ ಸಿಗ್ನಲ್. ಅದೇ ಕಿಟಕಿಯಲ್ಲಿ ಫೋನನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ ಕಬ್ಬಿಣದ ಸರಳಿಗೆ ಒರಗಿಸಿದರೆ ಸಂಖ್ಯೆ ಮತ್ತೆ ಕೆಳಗಿಳಿಯುತ್ತದೆ. ಅಡಿಕೆ ಒಣಗಿಸಲು ಮೇಲೆ ಹಾಕಿಸಿದ ತಗಡಿನ ಶೀಟು ಕೂಡ ಸಿಗ್ನಲ್ಲಿಗೆ ದೊಡ್ಡ ಅಡ್ಡಿ. ಹೊಸ ಸಿಮ್, ಹೊಸ ಫೋನ್ ಎಂದು ಖರ್ಚು ಮಾಡುವ ಮೊದಲು ಒಂದು ಸಂಜೆ ಈ ಸಂಖ್ಯೆಯನ್ನು ನೋಡುತ್ತ ಮನೆಯ ಸುತ್ತ ಒಂದು ಸುತ್ತು ಬರುವುದು ಲಾಭದ ಕೆಲಸ.

ಜಾಗ ಸಿಕ್ಕಿದ ಮೇಲೆ ಅಲ್ಲಿಂದ ಕೋಣೆಯವರೆಗೆ ವೈಫೈ ಬರಬೇಕು. ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಸೆಟ್ಟಿಂಗ್‌ನಲ್ಲಿ. ಈಗಿನ ಫೋನುಗಳು ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸ್‌ನಲ್ಲಿಯೂ 2.4 ಗಿಗಾಹರ್ಟ್ಸ್‌ನಲ್ಲಿಯೂ ಬಿತ್ತರಿಸಬಲ್ಲವು. ಮೊದಲನೆಯದು ವೇಗವಾದದ್ದು, ಆದರೆ ಗೋಡೆ ದಾಟುವುದರಲ್ಲಿ ದುರ್ಬಲ. ಎರಡನೆಯದು ನಿಧಾನ, ಆದರೆ ದೂರ ಹೋಗುತ್ತದೆ. ಹಳೆಯ ಮನೆಯ ಜಂಬಿಟ್ಟಿಗೆ ಗೋಡೆ ಒಂದೂವರೆ ಎರಡು ಅಡಿ ದಪ್ಪವಿರುತ್ತದೆ. ಅಂಥ ಎರಡು ಗೋಡೆಗಳ ಆಚೆ 5 ಗಿಗಾಹರ್ಟ್ಸ್‌ನ ಹೆಸರು ಪಟ್ಟಿಯಲ್ಲಿ ಕಾಣಿಸುವುದೂ ಕಷ್ಟ. ಟವರಿನಿಂದಲೇ ಬರುವುದು 8–10 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಆಗಿರುವಾಗ ವೈಫೈನ ವೇಗ ಹೆಚ್ಚಿದ್ದು ಏನೂ ಪ್ರಯೋಜನವಿಲ್ಲ. ಕಣ್ಣು ಮುಚ್ಚಿಕೊಂಡು 2.4ನ್ನು ಆರಿಸಿಕೊಳ್ಳಬೇಕು. ಆಂಡ್ರಾಯ್ಡ್‌ನಲ್ಲಿ ಇದು ಬ್ಯಾಂಡ್ ಎಂಬ ಹೆಸರಿನಲ್ಲೋ ಎಕ್ಸ್‌ಟೆಂಡ್ ಕಾಂಪ್ಯಾಟಿಬಿಲಿಟಿ ಎಂಬ ಹೆಸರಿನಲ್ಲೋ ಇರುತ್ತದೆ. ಐಫೋನ್ 12 ಮತ್ತು ಅದರ ನಂತರದವುಗಳಲ್ಲಿ ಮ್ಯಾಕ್ಸಿಮೈಸ್ ಕಾಂಪ್ಯಾಟಿಬಿಲಿಟಿ ಎಂದಿದೆ. ಗೋಡೆ ದಾಟುವುದಕ್ಕೂ ಈ ಹೆಸರುಗಳಿಗೂ ಏನು ಸಂಬಂಧವೆಂದು ಸಾಮಾನ್ಯ ಬಳಕೆದಾರನಿಗೆ ಹೊಳೆಯುವಂತಿಲ್ಲ. ಫೋನ್ ತಯಾರಕರು ಇಲ್ಲಿ ತೀರಾ ಉದಾಸೀನ ತೋರಿಸಿದ್ದಾರೆಂದೇ ಹೇಳಬೇಕು.

ಹಾಟ್‌ಸ್ಪಾಟ್ ತಾನಾಗಿ ಆಫ್ ಆಗುವುದು ಇನ್ನೊಂದು ಕಿರಿಕಿರಿ. ಯಾವ ಸಾಧನವೂ ಸೇರಿಕೊಂಡಿಲ್ಲದಿದ್ದರೆ ಕೆಲವು ನಿಮಿಷಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಜೇಬಿನಲ್ಲಿರುವ ಫೋನಿಗೆ ಇದು ಸರಿ. ಉಪ್ಪರಿಗೆಯಲ್ಲಿ ಇಟ್ಟ ಫೋನಿಗೆ ಇದು ಶಿಕ್ಷೆ, ಏಕೆಂದರೆ ಊಟಕ್ಕೆಂದು ಲ್ಯಾಪ್‌ಟಾಪ್ ಮುಚ್ಚಿ ಬಂದವರು ಮತ್ತೆ ಮೆಟ್ಟಿಲು ಹತ್ತಬೇಕಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ಈ ಆಯ್ಕೆಯನ್ನು ತೆಗೆದುಹಾಕಬಹುದು. ಐಫೋನಿನಲ್ಲಿ ಹಾಗೆ ನೇರವಾಗಿ ತೆಗೆಯುವ ಗುಂಡಿ ಇಲ್ಲದಿರುವುದರಿಂದ, ಮನೆಯ ಹಾಟ್‌ಸ್ಪಾಟ್ ಆಗಿ ಒಂದೇ ಕಡೆ ಇಡಲು ಐಫೋನಿಗಿಂತ ಹತ್ತು ಸಾವಿರದೊಳಗಿನ ಆಂಡ್ರಾಯ್ಡ್ ಫೋನೇ ವಾಸಿ ಎಂಬುದು ನನ್ನ ಅಭಿಪ್ರಾಯ.

ವೈಫೈ ಬಿಟ್ಟು ಇನ್ನೆರಡು ದಾರಿಗಳಿವೆ. ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಸೇರಿಸಿ ಟೆಥರಿಂಗ್ ಎಂಬ ಹಂಚಿಕೆಯ ಆಯ್ಕೆಯನ್ನು ಆನ್ ಮಾಡಿದರೆ ವೈಫೈನ ಯಾವ ತೊಂದರೆಯೂ ಇಲ್ಲದೆ ಟವರಿನಿಂದ ಬಂದದ್ದೆಲ್ಲ ನೇರವಾಗಿ ಸಿಗುತ್ತದೆ. ಜೊತೆಗೆ ಫೋನ್ ಚಾರ್ಜೂ ಆಗುತ್ತಿರುತ್ತದೆ. ಜಿಎಸ್‌ಟಿ ರಿಟರ್ನ್ ತುಂಬುವಾಗ ನಡುವೆ ಸಂಪರ್ಕ ತಪ್ಪಿ ಲಾಗಿನ್ ಹೋಗಬಾರದು ಎಂಬ ದಿನಗಳಲ್ಲಿ ನಾನು ಮೇಜನ್ನೇ ಉಪ್ಪರಿಗೆಯ ಕಿಟಕಿಯ ಬಳಿಗೆ ಎಳೆದು ಈ ದಾರಿ ಹಿಡಿಯುತ್ತೇನೆ. ಬ್ಲೂಟೂತ್ ಟೆಥರಿಂಗ್ ಬ್ಯಾಟರಿಯನ್ನು ಕಡಿಮೆ ತಿನ್ನುತ್ತದೆ, ಆದರೆ ಒಂದೆರಡು ಎಂಬಿಪಿಎಸ್‌ಗಿಂತ ಹೆಚ್ಚು ಕೊಡುವುದಿಲ್ಲ. ಇಮೇಲ್ ನೋಡಲು ಸಾಕು, ಅಷ್ಟೇ.

ಡೇಟಾದ ಲೆಕ್ಕಕ್ಕೆ ಬಂದಾಗ ಹಾಟ್‌ಸ್ಪಾಟ್‌ನ ಅಂಕಗಳು ಇಳಿಯತೊಡಗುತ್ತವೆ. ನಮ್ಮ ಪ್ರಿಪೇಯ್ಡ್ ಪ್ಲಾನುಗಳು ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿಯ ಮಿತಿಯವು. ಫೋನಿಗೆ ಇದು ಧಾರಾಳ. ಲ್ಯಾಪ್‌ಟಾಪಿಗೂ ಟಿವಿಗೂ ಇದು ಏನೇನೂ ಅಲ್ಲ. 20 ಎಂಬಿಪಿಎಸ್ ವೇಗದಲ್ಲಿ ಇಳಿಸಿಕೊಳ್ಳುತ್ತಿದ್ದರೆ ಎರಡು ಜಿಬಿ ಮುಗಿಯಲು ಹದಿನಾಲ್ಕು ನಿಮಿಷ ಬೇಕಿಲ್ಲ. ನೆಟ್‌ಫ್ಲಿಕ್ಸ್ ತಾನೇ ಹೇಳಿಕೊಂಡಿರುವಂತೆ ಎಚ್‌ಡಿ ಗುಣಮಟ್ಟದ ಒಂದು ಗಂಟೆಯ ಚಿತ್ರಕ್ಕೆ 3 ಜಿಬಿವರೆಗೆ ಬೇಕು. ಅಂದರೆ ಇಡೀ ದಿನದ ಪಾಲು ಅರ್ಧ ಸಿನಿಮಾಕ್ಕೂ ಸಾಲುವುದಿಲ್ಲ. ಮಿತಿ ದಾಟಿದ ಮೇಲೆ ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಇದನ್ನು ಲೆಕ್ಕ ಹಾಕಿ ನೋಡಿದರೆ ಒಂದು ಎಂಬಿಯ ಫೋಟೋ ಬರಲು ಎರಡು ನಿಮಿಷಕ್ಕೂ ಮೇಲೆ ಹಿಡಿಯುತ್ತದೆ. ವಾಟ್ಸ್‌ಆ್ಯಪ್‌ನ ಬರಹದ ಸಂದೇಶ ಹೋಗುತ್ತದೆ, ಯುಪಿಐ ಪಾವತಿ ತಿರುಗುತ್ತ ತಿರುಗುತ್ತ ಹೇಗೋ ಆಗುತ್ತದೆ, ಬ್ಯಾಂಕಿನ ಪುಟ ಮಾತ್ರ ತೆರೆಯುವುದಿಲ್ಲ.

ಇಷ್ಟಕ್ಕೂ ಡೇಟಾ ಮುಗಿಸುವವರು ಮನೆಯವರಲ್ಲ, ಯಂತ್ರಗಳು. ಹಾಟ್‌ಸ್ಪಾಟ್‌ಗೆ ಸೇರಿದ ಲ್ಯಾಪ್‌ಟಾಪ್ ಅದನ್ನು ಮಿತಿಯಿಲ್ಲದ ಮನೆಯ ವೈಫೈ ಎಂದೇ ತಿಳಿದುಕೊಳ್ಳುತ್ತದೆ. ವಿಂಡೋಸ್ ತನ್ನ ಅಪ್‌ಡೇಟ್‌ಗಳನ್ನು ಇಳಿಸಿಕೊಳ್ಳತೊಡಗುತ್ತದೆ, ಒನ್‌ಡ್ರೈವ್ ಕಡತಗಳನ್ನು ಏರಿಸತೊಡಗುತ್ತದೆ, ಮಕ್ಕಳ ಟ್ಯಾಬ್ಲೆಟ್ಟು ಆಟಗಳ ಹೊಸ ಆವೃತ್ತಿಗಳನ್ನು ತರಿಸಿಕೊಳ್ಳುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಪ್‌ಟಾಪ್ ತೆರೆದು ಒಂದು ಕಡತವನ್ನೂ ಕಳಿಸುವ ಮುನ್ನವೇ ದಿನದ ಅರ್ಧ ಡೇಟಾ ಮುಗಿಯಿತೆಂದು ಎಸ್‌ಎಂಎಸ್ ಬರುವುದು ಹೀಗೆ. ಇದಕ್ಕೆ ಮದ್ದು ವಿಂಡೋಸ್‌ನಲ್ಲಿಯೇ ಇದೆ: ಆ ವೈಫೈನ ಪ್ರಾಪರ್ಟೀಸ್ ತೆರೆದು ಮೀಟರ್ಡ್ ಕನೆಕ್ಷನ್ (ಮಿತಿಯುಳ್ಳ ಸಂಪರ್ಕ) ಎಂಬುದನ್ನು ಒಮ್ಮೆ ಆನ್ ಮಾಡಿದರೆ ಆ ಹೆಸರಿನ ಸಂಪರ್ಕಕ್ಕೆ ಅದು ಶಾಶ್ವತವಾಗಿ ಉಳಿಯುತ್ತದೆ, ದೊಡ್ಡ ಅಪ್‌ಡೇಟ್‌ಗಳು ಬಹುಪಾಲು ನಿಲ್ಲುತ್ತವೆ. ಒಂದು ಆಂಡ್ರಾಯ್ಡ್ ಫೋನು ಇನ್ನೊಂದು ಆಂಡ್ರಾಯ್ಡ್‌ಗೆ ಹಂಚುವಾಗ ಇದು ಮಿತಿಯುಳ್ಳ ಸಂಪರ್ಕವೆಂಬ ಸೂಚನೆಯನ್ನು ತಾನೇ ಕಳಿಸುತ್ತದೆ. ಲ್ಯಾಪ್‌ಟಾಪಿಗೆ ಮಾತ್ರ ನಾವೇ ಹೇಳಬೇಕು. ಯೂಟ್ಯೂಬನ್ನು 480ಪಿಯಲ್ಲಿ ನಿಲ್ಲಿಸಿದರೆ ಗಂಟೆಗೆ ಸುಮಾರು ಅರ್ಧ ಜಿಬಿಯಲ್ಲಿ ಮುಗಿಯುತ್ತದೆ. ತಾಳಮದ್ದಳೆಯಂಥ, ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸವಿರುವ ಕಾರ್ಯಕ್ರಮಗಳಿಗೆ ಅದಕ್ಕಿಂತ ಕೆಳಗಿಳಿಸಿದರೂ ಅಮ್ಮನಿಂದ ದೂರು ಬಂದಿಲ್ಲ.

ಒಂದೊಂದು ಸಾಧನಕ್ಕೆ ಇಷ್ಟಿಷ್ಟು ಎಂದು ಡೇಟಾ ಪಾಲು ಮಾಡುವ ಸೌಲಭ್ಯ ಹೆಚ್ಚಿನ ಫೋನುಗಳಲ್ಲಿಲ್ಲ. ಒಟ್ಟು ಇಷ್ಟಾದ ಮೇಲೆ ಹಾಟ್‌ಸ್ಪಾಟ್ ನಿಲ್ಲಲಿ ಎಂಬ ಮಿತಿಯನ್ನು ಕೆಲವು ಕಂಪನಿಗಳ ಫೋನುಗಳು ಕೊಡುತ್ತವೆ. ಅದರಿಂದ ಅನಾಹುತ ತಪ್ಪುತ್ತದೆ, ಆದರೆ ಮಗಳ ತರಗತಿಗೆಂದು ಒಂದು ಜಿಬಿ ಕಾದಿರಿಸಿ ಉಳಿದದ್ದನ್ನು ಟಿವಿಗೆ ಬಿಡುವುದು ಸಾಧ್ಯವಾಗುವುದಿಲ್ಲ. ನಾಲ್ಕು ಜನರಿರುವ ಮನೆಯಲ್ಲಿ ಈ ಪಾಲುಪಟ್ಟಿ ಬಾಯಿಮಾತಿನ ಮೇಲೆಯೇ ನಡೆಯಬೇಕು, ಅದು ಎಷ್ಟು ಚೆನ್ನಾಗಿ ನಡೆಯುತ್ತದೆಂಬುದು ಮನೆಮನೆಗೆ ಗೊತ್ತಿದ್ದದ್ದೇ.

5ಜಿ ಟವರಿನ ವ್ಯಾಪ್ತಿಯಲ್ಲಿ ಇರುವವರಿಗೆ ಈ ಗೋಳಿಲ್ಲ. 2022ರ ಅಕ್ಟೋಬರಿನಲ್ಲಿ 5ಜಿ ಆರಂಭವಾದ ಮೇಲೆ ಖಾಸಗಿ ಕಂಪನಿಗಳು ದಿನದ ಮಿತಿಯನ್ನು ಲೆಕ್ಕಿಸದ ಡೇಟಾ ಕೊಟ್ಟವು. 2024ರ ಜುಲೈನಲ್ಲಿ ದರ ಏರಿಸಿದಾಗ ಜಿಯೋ ಈ ಸವಲತ್ತನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಹೆಚ್ಚಿನ ಪ್ಲಾನುಗಳಿಗೆ ಸೀಮಿತಗೊಳಿಸಿತು. 28 ದಿನಕ್ಕೆ 299 ರೂಪಾಯಿ ಇದ್ದ ಅಂಥ ಪ್ಲಾನ್ ಆಗ 349 ಆಯಿತು. ಪೇಟೆಯಲ್ಲಿ ಇದು ಒಳ್ಳೆಯ ವ್ಯಾಪಾರ. ನಮ್ಮ ಮನೆಯ ಫೋನಿನಲ್ಲಿ 5ಜಿ ಎಂಬ ಅಕ್ಷರ ಪೇಟೆ ಹತ್ತಿರವಾದಾಗ ಮೂಡಿ, ಊರ ಕಡೆ ತಿರುಗಿದಾಗ ಮಾಯವಾಗುತ್ತದೆ.

ಇನ್ನು ಕರೆಗಳ ವಿಷಯ. ಇದನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ನಡುವೆ ನಡುವೆ ನೆಟ್ ನಿಲ್ಲುತ್ತದೆ ಎಂದು ದೂರುವ ಅನೇಕರಿಗೆ ನಿಜವಾದ ಕಾರಣ ಗೊತ್ತಿರುವುದಿಲ್ಲ. ಒಂದೇ ಸಿಮ್ ಇರುವ 4ಜಿ ಫೋನಿಗೆ ವೋಲ್ಟ್‌ಇ, ಅಂದರೆ 4ಜಿ ಜಾಲದಲ್ಲೇ ನಡೆಯುವ ಕರೆ ಬಂದರೆ ಇಂಟರ್ನೆಟ್ ನಿಲ್ಲುವುದಿಲ್ಲ, ಎರಡೂ ಒಟ್ಟಿಗೆ ನಡೆಯುತ್ತವೆ. ಆದರೆ ಕರೆ 2ಜಿ ಅಥವಾ 3ಜಿಗೆ ಇಳಿಯುವಂಥ ಜಾಲದಲ್ಲಿ ಇಂಟರ್ನೆಟ್ಟೂ ಅದರ ಜೊತೆಗೇ ಕೆಳಗಿಳಿಯುತ್ತದೆ ಅಥವಾ ನಿಂತೇಹೋಗುತ್ತದೆ. ಎರಡು ಸಿಮ್‌ಗಳಿರುವ ಫೋನಿನಲ್ಲಿ ತೊಡಕು ಇನ್ನೂ ಹೆಚ್ಚು. ಸಾಧಾರಣ ಫೋನುಗಳಲ್ಲಿ ಎರಡೂ ಸಿಮ್‌ಗಳು ಒಂದೇ ರೇಡಿಯೋವನ್ನು ಸರದಿಯಲ್ಲಿ ಬಳಸುತ್ತವೆ. ಡೇಟಾ ಒಂದನೇ ಸಿಮ್‌ನಲ್ಲಿದ್ದು ಕರೆ ಎರಡನೇ ಸಿಮ್‌ಗೆ ಬಂದರೆ, ಆ ಕರೆ ಮುಗಿಯುವವರೆಗೆ ಒಂದನೇ ಸಿಮ್‌ನ ಇಂಟರ್ನೆಟ್ ಸ್ತಬ್ಧ. ವೈಫೈನ ಚಿಹ್ನೆ ಲ್ಯಾಪ್‌ಟಾಪಿನಲ್ಲಿ ತುಂಬಿಕೊಂಡೇ ಇರುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಮಗಳ ತರಗತಿ ಪ್ರತಿದಿನ ಸಂಜೆಯ ಹೊತ್ತಿಗೇ ಏಕೆ ನಿಲ್ಲುತ್ತದೆಂದು ಹುಡುಕುತ್ತ ಹೋದಾಗ, ಅದು ಅಡಿಕೆ ಮಂಡಿಯಿಂದ ಧಾರಣೆ ಹೇಳಲು ನನ್ನ ಎರಡನೇ ನಂಬರಿಗೆ ಕರೆ ಬರುವ ಹೊತ್ತೆಂದು ತಿಳಿಯಿತು. ಕರೆಯ ಹೊತ್ತಿನಲ್ಲಿ ಡೇಟಾವನ್ನು ತಾತ್ಕಾಲಿಕವಾಗಿ ಇನ್ನೊಂದು ಸಿಮ್‌ಗೆ ಬದಲಿಸುವ ಆಯ್ಕೆ ಈಗಿನ ಕೆಲವು ಫೋನುಗಳಲ್ಲಿ ಇದೆ, ಆದರೆ ಆ ಸಿಮ್‌ನಲ್ಲಿ ಡೇಟಾ ಪ್ಲಾನ್ ಇರಬೇಕು, ಆ ಜಾಗದಲ್ಲಿ ಅದರ ಸಿಗ್ನಲ್ಲೂ ಇರಬೇಕು.

ಆದ್ದರಿಂದ ಸ್ವಂತ ಬಳಕೆಯ ಫೋನನ್ನೇ ಮನೆಯ ಹಾಟ್‌ಸ್ಪಾಟ್ ಮಾಡಿಕೊಳ್ಳಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಯಜಮಾನ ತೋಟಕ್ಕೆ ಹೋದರೆ ಮನೆಯ ಇಂಟರ್ನೆಟ್ಟೂ ಅವನ ಜೇಬಿನಲ್ಲಿ ತೋಟಕ್ಕೆ ಹೋಗುತ್ತದೆ. ಮನೆಯಲ್ಲಿ ಒಂದಾದರೂ ಹಳೆಯ ಫೋನು, ಪರದೆ ಒಡೆದದ್ದೋ ಕ್ಯಾಮೆರಾ ಕೆಟ್ಟದ್ದೋ, ಕಪಾಟಿನಲ್ಲಿ ಇದ್ದೇ ಇರುತ್ತದೆ. 4ಜಿ ಬರುವ ಯಾವ ಫೋನಾದರೂ ಸರಿ, ಒಂದು ಡೇಟಾ ಸಿಮ್ ಹಾಕಿ ಅದನ್ನು ಕಿಟಕಿಯ ಕಾಯಂ ನಿವಾಸಿ ಮಾಡಿಬಿಡಬೇಕು.

ಹಾಗೆ ಮಾಡಿದರೆ ಬ್ಯಾಟರಿಯ ಬಗ್ಗೆ ಎಚ್ಚರ ಬೇಕು. ಹಾಟ್‌ಸ್ಪಾಟ್ ನಡೆಸುವ ಫೋನಿನಲ್ಲಿ ಟವರಿನ ರೇಡಿಯೋ, ವೈಫೈ ರೇಡಿಯೋ ಎರಡೂ ಬಿಡುವಿಲ್ಲದೆ ದುಡಿಯುತ್ತವೆ. ಸಿಗ್ನಲ್ ದುರ್ಬಲವಿದ್ದಷ್ಟೂ ಟವರಿಗೆ ಮುಟ್ಟಿಸಲು ಫೋನು ಹೆಚ್ಚು ಶಕ್ತಿ ಸುಡುತ್ತದೆ. ಅದರ ಮೇಲೆ ಚಾರ್ಜರನ್ನೂ ಹಾಕಿ ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟರೆ ಮಾರ್ಚ್ ಏಪ್ರಿಲ್‌ನಲ್ಲಿ ಹಿಂಬದಿ ಕೈ ಸುಡುವಷ್ಟು ಕಾಯುತ್ತದೆ. ಬಿಸಿಯಾದ ಫೋನು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಆಮೇಲೆ ಚಾರ್ಜ್ ಆಗುವುದನ್ನೂ ನಿಲ್ಲಿಸುತ್ತದೆ. ಲಿಥಿಯಂ ಬ್ಯಾಟರಿಗೆ ಶಾಖ ಮತ್ತು ಸದಾ ನೂರಕ್ಕೆ ನೂರು ಚಾರ್ಜ್, ಇವೆರಡೂ ಆಗದ ಸಂಗತಿಗಳು. ಒಂದೆರಡು ವರ್ಷದಲ್ಲಿ ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಎದ್ದುನಿಂತ ಫೋನುಗಳು ರಿಪೇರಿ ಅಂಗಡಿಗಳಿಗೆ ಬರುತ್ತಲೇ ಇರುತ್ತವೆ. ಚಾರ್ಜನ್ನು ಶೇಕಡಾ 80 ಅಥವಾ 85ಕ್ಕೆ ನಿಲ್ಲಿಸುವ ಆಯ್ಕೆ ಫೋನಿನಲ್ಲಿದ್ದರೆ ಅದನ್ನು ಆನ್ ಮಾಡಬೇಕು. ಇಲ್ಲದಿದ್ದರೆ ಟೈಮರ್ ಇರುವ ಪ್ಲಗ್ಗೊಂದನ್ನು ತಂದು ದಿನಕ್ಕೆರಡು ಸಲ ಮಾತ್ರ ಫೋನಿಗೆ ಕರೆಂಟು ಸಿಗುವಂತೆ ಮಾಡಬಹುದು. ಹಿಂಬದಿಯ ಪ್ಲಾಸ್ಟಿಕ್ ಕವರನ್ನಂತೂ ತೆಗೆದುಬಿಡಬೇಕು. ಮುಚ್ಚಳ ಸ್ವಲ್ಪ ಎದ್ದಂತೆ ಕಂಡ ದಿನವೇ ಆ ಫೋನಿಗೆ ವಿಶ್ರಾಂತಿ ಕೊಡಬೇಕು. ಒಣ ಮರದ ಉಪ್ಪರಿಗೆಯಲ್ಲಿ ಉಬ್ಬಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಮಲಗುವುದು ಬೇಡ.

ಇಷ್ಟೆಲ್ಲ ಗೋಜು ಬೇಡ ಎನ್ನುವವರಿಗೆ ಇದೇ ಕೆಲಸಕ್ಕೆಂದು ಮಾಡಿದ ಸಾಧನಗಳಿವೆ. ಜೇಬಿನಲ್ಲಿ ಹಿಡಿಸುವ ಜಿಯೋಫೈನಂಥ ಡಾಂಗಲ್‌ಗಳಿಗೆ ತಮ್ಮದೇ ಬ್ಯಾಟರಿ ಇದೆ, ಪರದೆಯಿಲ್ಲದ ಕಾರಣ ಕಡಿಮೆ ಬಿಸಿಯಾಗುತ್ತವೆ, ಹತ್ತು ಸಾಧನಗಳವರೆಗೆ ಸೇರಿಸಿಕೊಳ್ಳುತ್ತವೆ. ಆದರೆ ಕಂಪನಿಯ ಹೆಸರಿನಲ್ಲಿ ಬರುವ ಡಾಂಗಲ್ಲುಗಳು ಸಾಮಾನ್ಯವಾಗಿ ಆ ಕಂಪನಿಯ ಸಿಮ್‌ಗೇ ಕಟ್ಟಿಹಾಕಲ್ಪಟ್ಟಿರುತ್ತವೆ. ಮಳೆಗಾಲದಲ್ಲಿ ಒಂದು ಟವರ್ ಮಲಗಿದಾಗ ಸಿಮ್ ಬದಲಿಸುವ ಸ್ವಾತಂತ್ರ್ಯ ಇರುವುದಿಲ್ಲ. ಅದಕ್ಕಿಂತ ಸಿಮ್ ಹಾಕುವ 4ಜಿ ರೌಟರ್ ಮೇಲು. ಎರಡು ಉದ್ದನೆಯ ಆಂಟೆನಾಗಳಿರುವ ಇವು ಗೋಡೆಯ ಪ್ಲಗ್ಗಿನಿಂದಲೇ ನಡೆಯುತ್ತವೆ, ಬ್ಯಾಟರಿ ಉಬ್ಬುವ ಭಯವಿಲ್ಲ, ಯಾವ ಕಂಪನಿಯ ಸಿಮ್ ಆದರೂ ಹಾಕಬಹುದು, ಒಳ್ಳೆಯ ಮಾದರಿಗಳಲ್ಲಿ ಹೊರಗಿನ ಆಂಟೆನಾವನ್ನು ಕೇಬಲ್‌ನಿಂದ ಸೇರಿಸಿ ಮಾಡಿನ ಮೇಲೆ ಏರಿಸಬಹುದು. ಕರೆಂಟು ಹೋದಾಗ ಇದೂ ಹೋಗುತ್ತದೆ ಎಂಬುದೊಂದೇ ಕೊರತೆ. ರೌಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಒಂದನ್ನು ಜೊತೆಗೆ ಕೊಳ್ಳಬೇಕು. ದಿನವಿಡೀ ಇಂಟರ್ನೆಟ್ ಮೇಲೆ ಬದುಕು ನಿಂತವರಿಗೆ ನಾನು ಹೇಳುವುದು ಇದನ್ನೇ. ದಿನಕ್ಕೆ ಮೂರು ನಾಲ್ಕು ಗಂಟೆಯ ಕೆಲಸಕ್ಕೆ ಹಳೆಯ ಫೋನೇ ಸಾಕು.

ಹಾಟ್‌ಸ್ಪಾಟ್ ಆಗಲಿ 4ಜಿ ರೌಟರ್ ಆಗಲಿ ಮಾಡಲಾರದ ಒಂದು ಕೆಲಸವಿದೆ. ಮೊಬೈಲ್ ಜಾಲದಲ್ಲಿ ಸಾವಿರಾರು ಗ್ರಾಹಕರು ಇಂಟರ್ನೆಟ್ಟಿನ ಒಂದೇ ಸಾರ್ವಜನಿಕ ವಿಳಾಸವನ್ನು (ಐಪಿ ಅಡ್ರೆಸ್) ಹಂಚಿಕೊಳ್ಳುವುದರಿಂದ ಹೊರಗಿನಿಂದ ನೇರವಾಗಿ ನಮ್ಮ ಮನೆಯ ಸಾಧನವನ್ನು ತಲುಪುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಅಂಗಳದಲ್ಲಿ ಅಡಿಕೆ ಹರಡಿ ಪೇಟೆಗೆ ಹೋದವರು ಅಲ್ಲಿಂದಲೇ ಸಿಸಿಟಿವಿ ನೋಡಬೇಕೆಂದರೆ ತಯಾರಕರ ಸರ್ವರ್ ಮೂಲಕ ನಡೆಯುವ ಕ್ಯಾಮೆರಾವನ್ನೇ ಕೊಳ್ಳಬೇಕು.

ಹಂಚಿಕೊಳ್ಳುವುದರಲ್ಲಿ ಸಾಮಾಜಿಕ ಮುಖವೂ ಒಂದಿದೆ. ನಮ್ಮ ಮನೆಯ ಅಂಗಳದಲ್ಲಿ ಸಿಗ್ನಲ್ ಇದೆಯೆಂದು ಸುತ್ತಲಿನವರಿಗೆಲ್ಲ ಗೊತ್ತು. "ಅಣ್ಣಾ, ಒಂಚೂರು ಹಾಟ್‌ಸ್ಪಾಟ್ ಹಾಕ್ತೀರಾ? ಪರೀಕ್ಷೆ ಫೀಸ್ ಕಟ್ಟೋದಿತ್ತು, ಇವತ್ತೇ ಲಾಸ್ಟ್ ಡೇಟ್" ಎಂದು ಬಂದ ಹುಡುಗನಿಗೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ, ಬರಲೂಬಾರದು. ಆದರೆ ಒಮ್ಮೆ ಕೊಟ್ಟ ಪಾಸ್‌ವರ್ಡ್ ಅವನ ಫೋನಿನಲ್ಲಿ ಉಳಿಯುತ್ತದೆ, ಅಲ್ಲಿಂದ ಕ್ಯೂಆರ್ ಕೋಡ್ ಆಗಿ ಇನ್ನೊಬ್ಬರಿಗೂ ಹೋಗಬಹುದು. ಆ ಸಂಪರ್ಕದಲ್ಲಿ ಯಾರು ಏನು ಮಾಡಿದರೂ ಕಂಪನಿಯ ದಾಖಲೆಯಲ್ಲಿ ಕಾಣುವುದು ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ. ಪೊಲೀಸರು ಮೊದಲು ಬರುವುದೂ ಅವರ ಬಾಗಿಲಿಗೇ. ಕನಿಷ್ಠ ಎಂಟು ಅಕ್ಷರ ಇರಲೇಬೇಕೆಂಬ ನಿಯಮವಿರುವುದರಿಂದ ಅರ್ಧ ಊರಿನ ಪಾಸ್‌ವರ್ಡು ಒಂದರಿಂದ ಎಂಟರವರೆಗಿನ ಅಂಕಿಗಳೇ ಆಗಿವೆ. ಬಂದವರ ಕೆಲಸ ಮುಗಿದ ಮೇಲೆ ಪಾಸ್‌ವರ್ಡ್ ಬದಲಿಸುವುದು ಅಪನಂಬಿಕೆಯ ಮಾತಲ್ಲ. ಅದಕ್ಕೆ ಅರ್ಧ ನಿಮಿಷ ಸಾಕು. ಹೊಸ ಪಾಸ್‌ವರ್ಡನ್ನು ಮನೆಯ ಎಲ್ಲ ಸಾಧನಗಳಿಗೂ ಮತ್ತೆ ಕೊಡಬೇಕೆಂಬುದು ಬೇಸರದ ಸಂಗತಿ. ಅತಿಥಿಗಳಿಗೆ ಬೇರೆ ಪಾಸ್‌ವರ್ಡ್ ಕೊಡುವ ವ್ಯವಸ್ಥೆ ಅಗ್ಗದ ರೌಟರುಗಳಲ್ಲೂ ಇರುವಾಗ ಫೋನುಗಳಲ್ಲಿ ಸಾಮಾನ್ಯವಾಗಿ ಇಲ್ಲದಿರುವುದನ್ನು ತಯಾರಕರ ಲೋಪವೆಂದೇ ಎಣಿಸಬೇಕು.

ಕೊನೆಗೆ ಹಣ ಮತ್ತು ಮಳೆ. ಪೇಟೆಯಲ್ಲಿ ತಿಂಗಳಿಗೆ 399 ರೂಪಾಯಿ ಮತ್ತು ತೆರಿಗೆ ಕೊಟ್ಟರೆ 30 ಎಂಬಿಪಿಎಸ್ ಫೈಬರ್ ಸಂಪರ್ಕ ಬರುತ್ತದೆ, ದಿನದ ಮಿತಿಯಿಲ್ಲ. ಹಾಟ್‌ಸ್ಪಾಟ್ ಫೋನಿನ ಸಿಮ್‌ಗೆ ಹೆಚ್ಚುಕಡಿಮೆ ಅಷ್ಟೇ ಹಣ ಕೊಟ್ಟು ನಾವು ಪಡೆಯುವುದು ಅದರ ಸಣ್ಣದೊಂದು ಅಂಶ. ಆದ್ದರಿಂದ ಫೈಬರ್ ಬಾಗಿಲಿಗೆ ಬಂದಿರುವವರು ಉಳಿತಾಯದ ಹೆಸರಿನಲ್ಲಿ ಹಾಟ್‌ಸ್ಪಾಟ್‌ನಲ್ಲೇ ಇರುವುದಕ್ಕೆ ಯಾವ ಅರ್ಥವೂ ಇಲ್ಲ. ಕೇಬಲ್ ಕಡಿದ ದಿನಕ್ಕೆಂದು ಅದನ್ನು ಮೀಸಲಿಟ್ಟುಕೊಂಡರೆ ಸಾಕು. ಫೈಬರ್ ಬಾರದ, ಉಪ್ಪರಿಗೆಯಲ್ಲಾದರೂ ಮೈನಸ್ 105ರೊಳಗೆ ಸಿಗ್ನಲ್ ಇರುವ ಮನೆಗಳಿಗೆ ನಾನು ಇದಕ್ಕೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಒಂದೂವರೆ ಅಂಕ ಕಡಿಮೆಯಾಗಿದ್ದು ದಿನದ ಮಿತಿಗೂ ಅರ್ಥವಾಗದ ಸೆಟ್ಟಿಂಗ್‌ಗಳಿಗೂ.

ಮಳೆಗಾಲದ ತೊಂದರೆಯನ್ನು ಫೋನಿನ ಲೆಕ್ಕಕ್ಕೆ ಹಾಕುವುದು ನ್ಯಾಯವಲ್ಲವಾದ್ದರಿಂದ ಅದಕ್ಕೆ ಅಂಕ ಕಳೆದಿಲ್ಲ. ಜೂನ್ ಜುಲೈನಲ್ಲಿ ಮರ ಬಿದ್ದು ಕರೆಂಟು ಹೋದರೆ ಟವರು ತನ್ನ ಬ್ಯಾಟರಿಯ ಮೇಲೆ ಕೆಲವು ತಾಸು ನಿಲ್ಲುತ್ತದೆ, ಆಮೇಲೆ ಜನರೇಟರಿಗೆ ಡೀಸೆಲ್ ಹಾಕುವವರು ಬರುವವರೆಗೆ ಅದೂ ಇಲ್ಲ. ಆಗ ಹಾಟ್‌ಸ್ಪಾಟ್‌ನ ಹೆಸರು ಲ್ಯಾಪ್‌ಟಾಪಿನಲ್ಲಿ ಕಾಣುತ್ತಿರುತ್ತದೆ, ಹಂಚಲು ಏನೂ ಇರುವುದಿಲ್ಲ. ಎರಡು ಕಂಪನಿಗಳ ಉಪಕರಣಗಳು ಒಂದೇ ಕಂಬದ ಮೇಲಿರುವ ಊರುಗಳೂ ಸಾಕಷ್ಟಿವೆ. ಅಂಥಲ್ಲಿ ಬೇರೆ ಬೇರೆ ಕಂಪನಿಯ ಎರಡು ಸಿಮ್ ಇಟ್ಟುಕೊಂಡರೂ ಎರಡೂ ಒಟ್ಟಿಗೇ ಹೋಗುತ್ತವೆ. ಎರಡನೇ ಸಿಮ್ ಕೊಳ್ಳುವ ಮುನ್ನ ಅದರ ಟವರು ಯಾವ ಗುಡ್ಡದ ಮೇಲಿದೆ, ಯಾವ ಫೀಡರಿನಿಂದ ಕರೆಂಟು ಪಡೆಯುತ್ತದೆ ಎಂದು ನಿಮ್ಮ ಕಡೆಯ ಲೈನ್‌ಮ್ಯಾನ್‌ನನ್ನೇ ಕೇಳಿ. ಸಿಮ್ ಮಾರುವ ಅಂಗಡಿಯವರಿಗೆ ಅದು ಗೊತ್ತಿರುವುದಿಲ್ಲ.